‘ತಮ್ಮ ಮನೆ’ ಎಂದರೆ ಯಾರ ಮನೆ? ಹಳೆಯ ನಡಾವಳಿಯ ಮೂರು ವಾಕ್ಯಗಳ ಬಗ್ಗೆ

ಕರಡಿನ ಕಣ್ಣು
ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಹಳೆಯ ವಾಚನಾಲಯವೊಂದರ ಸ್ಮರಣ ಸಂಚಿಕೆಯ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಂಚಿಕೆಯಲ್ಲಿ 1960ರ ದಶಕದ ನಡಾವಳಿ ಪುಸ್ತಕದಿಂದ ಆಯ್ದ ಭಾಗಗಳನ್ನು ಅಚ್ಚು ಹಾಕಿಸುತ್ತಿದ್ದಾರೆ. ಅದರಲ್ಲಿ ಮೂರು ವಾಕ್ಯಗಳು ನಾಲ್ಕು ದಿನದಿಂದ ನನ್ನನ್ನು ಕಾಡುತ್ತಿವೆ. ಇದ್ದುದನ್ನು ಇದ್ದಂತೆಯೇ ಬರೆಯುತ್ತೇನೆ.

“ಅಧ್ಯಕ್ಷರು ಕೋಶಾಧಿಕಾರಿಗಳಿಗೆ ತಮ್ಮ ಮನೆಯಲ್ಲಿರುವ ಪುಸ್ತಕಗಳನ್ನು ಮುಂದಿನ ಸಭೆಯೊಳಗಾಗಿ ವಾಚನಾಲಯಕ್ಕೆ ತರಿಸಬೇಕೆಂದು ತಿಳಿಸಿದರು. ಅವರು ಇದಕ್ಕೆ ಒಪ್ಪಲಿಲ್ಲ. ಕೊನೆಗೆ ಅದನ್ನು ಕೈಬಿಡಲಾಯಿತು.”

ಓದುಗರಿಗೆ ಗೊಂದಲವಾಗಬಾರದೆಂದು ‘ತಮ್ಮ’, ‘ಅವರು’, ‘ಅದನ್ನು’ ಎಂಬ ಮೂರು ಕಡೆಯೂ ಆವರಣದಲ್ಲಿ ಅರ್ಥ ಸೇರಿಸಬೇಕೆಂದು ಸಂಪಾದಕರು ಸೂಚಿಸಿದ್ದಾರೆ. ಸೇರಿಸುವುದು ಕಷ್ಟವಲ್ಲ, ಯಾರನ್ನು ಸೇರಿಸಬೇಕೆಂಬುದೇ ತಿಳಿಯುತ್ತಿಲ್ಲ. ಪುಸ್ತಕಗಳು ಯಾರ ಮನೆಯಲ್ಲಿದ್ದವು? ಒಪ್ಪದೆ ಇದ್ದವರು ಯಾರು? ಕೈಬಿಟ್ಟದ್ದು ಏನನ್ನು? ಇಬ್ಬರೂ ಹಿರಿಯರು ತೀರಿಕೊಂಡು ಬಹಳ ವರ್ಷಗಳಾದವು, ಆದರೆ ಇಬ್ಬರ ಮನೆಯವರೂ ಬಿಡುಗಡೆಗೆ ಬರುವವರಿದ್ದಾರೆ. ತಪ್ಪು ಹೆಸರು ಆವರಣದೊಳಗೆ ಕುಳಿತರೆ ಪುಸ್ತಕ ಮುಚ್ಚಿಟ್ಟುಕೊಂಡ ಅಪವಾದ ಒಂದು ಮನೆತನದ ತಲೆಗೆ ಬರುತ್ತದೆ.

ನಿವೃತ್ತ ಮೇಷ್ಟರು
ಇದರಲ್ಲಿ ನಾಲ್ಕು ದಿನ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ತಾನು, ತಾವು ಎಂಬವು ಆತ್ಮಾರ್ಥಕ ಸರ್ವನಾಮಗಳೆಂದು ಹೈಸ್ಕೂಲಿನಲ್ಲಿಯೇ ಹೇಳಿಕೊಟ್ಟಿರುತ್ತಾರೆ. ಅವು ವಾಕ್ಯದ ಕರ್ತೃವನ್ನೇ ಹಿಡಿಯುತ್ತವೆ. ಇಲ್ಲಿ ಕರ್ತೃ ಅಧ್ಯಕ್ಷರು, ಆದ್ದರಿಂದ ಮನೆಯೂ ಅಧ್ಯಕ್ಷರದು. ‘ಅವರು’ ಎಂಬುದು ಹತ್ತಿರದ ನಾಮಪದವನ್ನು ಹಿಡಿಯುತ್ತದೆ, ಹತ್ತಿರವಿರುವವರು ಕೋಶಾಧಿಕಾರಿಗಳು. ಆವರಣ ಹಾಕಿ ಮುಗಿಸಿ.

ಕಡಲ ತಡಿ
ಮೇಷ್ಟ್ರೇ, ತಮ್ಮ ಎರಡು ನಿಯಮಗಳೂ ಅರ್ಧ ದಾರಿಯವರೆಗೆ ಮಾತ್ರ ಬರುತ್ತವೆ.

ಮೊದಲನೆಯದನ್ನು ನೋಡೋಣ. “ಗಿರಿಜೆಗೆ ತನ್ನ ಮಗನ ಮೇಲೆ ಕೋಪ ಬಂತು” ಎಂಬ ವಾಕ್ಯದಲ್ಲಿ ಕರ್ತೃ ಯಾವುದು? ಕ್ರಿಯಾಪದವು ಹೊಂದಿಕೊಂಡಿರುವುದು ‘ಕೋಪ’ದೊಡನೆ. ಆದರೂ ‘ತನ್ನ’ ಹಿಡಿಯುವುದು ಚತುರ್ಥಿಯಲ್ಲಿ ನಿಂತಿರುವ ಗಿರಿಜೆಯನ್ನು. ಅಂದರೆ ‘ತಾನು’ ಹುಡುಕಿಕೊಂಡು ಹೋಗುವುದು ಪ್ರಥಮಾ ವಿಭಕ್ತಿಯನ್ನಲ್ಲ, ಆ ಮಾತು ಯಾರ ಮನಸ್ಸಿನ ಕಡೆಯಿಂದ ಹೊರಟಿದೆಯೋ ಅವರನ್ನು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ‘ತಾವು’ ಎಂಬುದು ಗೌರವದ ಮಧ್ಯಮಪುರುಷವೂ ಹೌದು, ಈ ಉತ್ತರದ ಮೊದಲ ಸಾಲಿನಲ್ಲಿ ನಾನೇ ಹಾಗೆ ಬಳಸಿದ್ದೇನೆ. ಅಧ್ಯಕ್ಷರು ಸಭೆಯಲ್ಲಿ ಎದ್ದು ನಿಂತು “ಕೋಶಾಧಿಕಾರಿಗಳೇ, ತಮ್ಮ ಮನೆಯಲ್ಲಿರುವ ಪುಸ್ತಕಗಳನ್ನು ತರಿಸಬೇಕು” ಎಂದು ಹೇಳಿದ್ದನ್ನೇ ಗುಮಾಸ್ತರು ‘ಎಂದು’ ಹಚ್ಚಿ ಬರೆದಿರಬಹುದು. ಕನ್ನಡದ ‘ಎಂದು’ ಆಡಿದ ಮಾತನ್ನು ಹಾಗೆಯೇ ಒಪ್ಪಿಸುತ್ತದೋ ತಿರುಗಿಸಿ ಒಪ್ಪಿಸುತ್ತದೋ ಎಂಬುದನ್ನು ಬಿಟ್ಟುಕೊಡುವುದಿಲ್ಲ. “ರಾಜು ತಾನು ಬರುತ್ತೇನೆ ಎಂದ” ಎಂದು ಪತ್ರಿಕೆಗಳಲ್ಲಿಯೂ ಓದುತ್ತೇವೆ. ಅದರಲ್ಲಿ ‘ತಾನು’ ಎಂಬುದು ವರದಿಗಾರನ ಕಡೆಯ ಮಾತು, ‘ಬರುತ್ತೇನೆ’ ಎಂಬುದು ರಾಜುವಿನ ಬಾಯಿಯ ಮಾತು. ಒಂದೇ ಉಪವಾಕ್ಯದೊಳಗೆ ಇಬ್ಬರು ಕುಳಿತಿದ್ದಾರೆ, ಯಾರಿಗೂ ಇಕ್ಕಟ್ಟಾಗುವುದಿಲ್ಲ.

ಒಗ್ಗರಣೆ
ಮೂರನೆಯ ಸಾಧ್ಯತೆಯನ್ನು ಯಾರೂ ಹೇಳಲಿಲ್ಲ. ಪುಸ್ತಕಗಳು ಅಧ್ಯಕ್ಷರ ಕಿರಿಯ ಸೋದರನ ಮನೆಯಲ್ಲಿದ್ದವು.

ನಿವೃತ್ತ ಮೇಷ್ಟರು
ಸೋದರನಾಗಿದ್ದರೆ ಷಷ್ಠಿಯಲ್ಲಿ ‘ತಮ್ಮನ ಮನೆ’ ಆಗುತ್ತಿತ್ತು. ತಮಾಷೆಗೂ ವಿಭಕ್ತಿ ಬೇಕು.

ಧಾರವಾಡದ ಮಳೆ
ವ್ಯಾಕರಣವನ್ನು ಒಂದು ಗಳಿಗೆ ಪಕ್ಕಕ್ಕಿಡೋಣ. ಲೆಕ್ಕದ ಪುಸ್ತಕಗಳು ಕೋಶಾಧಿಕಾರಿಯ ಮನೆಯಲ್ಲಿ ಇರದೆ ಇನ್ನಾರ ಮನೆಯಲ್ಲಿ ಇರುತ್ತವೆ? ಅವುಗಳನ್ನು ತರಬೇಕೆಂದು ಅಧ್ಯಕ್ಷರು ಕೇಳಿದರು, ಕೋಶಾಧಿಕಾರಿ ಒಪ್ಪಲಿಲ್ಲ. ಇಂಥ ಜಗಳ ನಡೆಯದ ಸಂಘವನ್ನು ನಾನು ಈವರೆಗೆ ಕಂಡಿಲ್ಲ. ಲೋಕಾನುಭವವೇ ಇಲ್ಲಿ ಸಾಕು.

ಗಣಕದ ಗಿರಾಕಿ
ನಾನು ಬೆಂಗಳೂರಿನಲ್ಲಿ ಯಂತ್ರಾನುವಾದದ ಕೆಲಸ ಮಾಡುವವನು. ಮಳೆಯವರು ಹೇಳುವ ಆ ‘ಲೋಕಾನುಭವ’ವೇ ನಮ್ಮ ಕ್ಷೇತ್ರದ ಹಳೆಯ ತಲೆನೋವು. 1972ರಲ್ಲಿ ಗಣಕವಿಜ್ಞಾನಿ ಟೆರ್ರಿ ವಿನೋಗ್ರಾಡ್ ಅವರು ಕೊಟ್ಟ ಒಂದು ಇಂಗ್ಲಿಷ್ ಉದಾಹರಣೆ ಪ್ರಸಿದ್ಧವಾಗಿದೆ. ಅದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ನಗರಸಭೆಯ ಸದಸ್ಯರು ಪ್ರತಿಭಟನಕಾರರಿಗೆ ಅನುಮತಿ ನಿರಾಕರಿಸಿದರು, ಏಕೆಂದರೆ ಅವರು ಹಿಂಸೆಗೆ ಹೆದರಿದ್ದರು.” ಇಲ್ಲಿ ‘ಅವರು’ ಎಂದರೆ ಸದಸ್ಯರು. ಕೊನೆಯಲ್ಲಿ ‘ಹೆದರಿದ್ದರು’ ಎಂಬುದರ ಬದಲು ‘ಹಿಂಸೆಯನ್ನು ಪ್ರಚೋದಿಸುತ್ತಿದ್ದರು’ ಎಂದು ಇಟ್ಟರೆ ‘ಅವರು’ ಜಿಗಿದು ಪ್ರತಿಭಟನಕಾರರಾಗುತ್ತಾರೆ. ಹತ್ತಿರವೆಂಬ ನಿಯಮವೂ ಕರ್ತೃವೆಂಬ ನಿಯಮವೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಎರಡು ವಾಕ್ಯಗಳ ನಡುವೆ ‘ಕಾರಣ’ ಎಂಬ ಸಂಬಂಧವಿದೆ ಎಂಬುದಷ್ಟೇ ದಾರಿ ತೋರಿಸುತ್ತದೆ.

ಅಡಿಟಿಪ್ಪಣಿ
ಗಿರಾಕಿಯವರ ಉದಾಹರಣೆ ಸರಿಯಾಗಿದೆ, ಆದರೆ ಆ ಕನ್ನಡ ವಾಕ್ಯಕ್ಕೆ ಇಂಗ್ಲಿಷಿನ ಅಂಗಿ ತೊಡಿಸಿದಂತಿದೆ. ‘ಏಕೆಂದರೆ ಅವರು’ ಎಂದು ನಮ್ಮಲ್ಲಿ ಯಾರು ಸಲೀಸಾಗಿ ಹೇಳುತ್ತಾರೆ? “ಹಿಂಸೆಯಾದೀತೆಂದು ಹೆದರಿ ಸದಸ್ಯರು ಪ್ರತಿಭಟನಕಾರರಿಗೆ ಅನುಮತಿ ನಿರಾಕರಿಸಿದರು” ಎನ್ನುತ್ತೇವೆ. ‘ಹೆದರಿ’ ಎಂಬ ಕೃದಂತಾವ್ಯಯ ಬಂದೊಡನೆ ಹೆದರಿದವರೂ ನಿರಾಕರಿಸಿದವರೂ ಒಬ್ಬರೇ ಎಂದು ತೀರ್ಮಾನವಾಗುತ್ತದೆ. ಸರ್ವನಾಮವೇ ಬೇಕಾಗಲಿಲ್ಲ, ಒಗಟೂ ಉಳಿಯಲಿಲ್ಲ. ಇಂಗ್ಲಿಷು ಸರ್ವನಾಮದ ಕೊರಳಿಗೆ ಕಟ್ಟುವ ಭಾರವನ್ನು ಕನ್ನಡ ಬಹಳ ಮಟ್ಟಿಗೆ ವಾಕ್ಯದ ಸರಪಣಿಗೆ ಕಟ್ಟುತ್ತದೆ.

ಕಡಲ ತಡಿ
“ಮಳೆ ಬಂದು ಬೆಳೆ ಹಾಳಾಯಿತು.” ಬಂದದ್ದು ಮಳೆ, ಹಾಳಾದದ್ದು ಬೆಳೆ. ಸರಪಣಿ ಎಲ್ಲಿ ಹೋಯಿತು?

ಅಡಿಟಿಪ್ಪಣಿ
ಒಪ್ಪಿದೆ. ಒಬ್ಬರು ಬೇಕೆಂದು ಮಾಡುವ ಕೆಲಸವಲ್ಲದೆ ತಾನಾಗಿ ಆಗುವ ಘಟನೆಗಳಿದ್ದಲ್ಲಿ, ಒಂದು ಇನ್ನೊಂದಕ್ಕೆ ಕಾರಣವಾದಾಗ, ಕರ್ತೃ ಬದಲಾಗಬಹುದು. ಆದರೆ “ರಾಜು ಬಂದು ರವಿ ಊಟ ಮಾಡಿದ” ಎಂದರೆ ಕಿವಿಗೆ ಕಲ್ಲು ಸಿಕ್ಕಿದಂತಾಗುತ್ತದೆ, “ರಾಜು ಬಂದ ಮೇಲೆ ರವಿ ಊಟ ಮಾಡಿದ” ಎನ್ನಲೇಬೇಕು.

ನಮ್ಮ ನಡಾವಳಿಗೆ ಇದನ್ನು ಹಚ್ಚಿ ನೋಡಿ. ಗುಮಾಸ್ತರು “ತಿಳಿಸಿದರು. ಅವರು ಇದಕ್ಕೆ ಒಪ್ಪಲಿಲ್ಲ” ಎಂದು ವಾಕ್ಯ ಮುರಿದಿದ್ದಾರೆ, ಮತ್ತು ಕರ್ತೃವನ್ನು ಬಾಯಿಬಿಟ್ಟು ಹೇಳಿದ್ದಾರೆ. ಕನ್ನಡದಲ್ಲಿ ಕರ್ತೃ ಮುಂದುವರಿಯುವಾಗ ನಾವು ಅದನ್ನು ಹೇಳುವುದೇ ಇಲ್ಲ. “ರಾಜು ರವಿಯನ್ನು ಕಂಡ. ಕೈ ಬೀಸಿದ.” ಬೀಸಿದವನು ರಾಜು. “ರಾಜು ರವಿಯನ್ನು ಕಂಡ. ಅವನು ಕೈ ಬೀಸಿದ.” ಈಗ ರವಿಯ ಕಡೆಗೆ ತಕ್ಕಡಿ ವಾಲಿತು. “ರಾಜು ರವಿಯನ್ನು ಕಂಡು ಕೈ ಬೀಸಿದ. ಅವನೂ ಬೀಸಿದ.” ಈಗ ರವಿಯಲ್ಲದೆ ಇನ್ನಾರೂ ಆಗಲಾರರು. ಒಂದು ‘ಊ’ಕಾರ ಅಷ್ಟು ಕೆಲಸ ಮಾಡಿತು. ಆದ್ದರಿಂದ ನಡಾವಳಿಯ ‘ಅವರು’ ಕರ್ತೃ ಬದಲಾದುದರ ಗುರುತು, ಅವರು ಕೋಶಾಧಿಕಾರಿಗಳು. ಮೇಷ್ಟ್ರ ಉತ್ತರವೂ ಅದೇ, ಆದರೆ ಕಾರಣ ಹತ್ತಿರವಲ್ಲ.

ಅಮ್ಮಮ್ಮನ ಮೊಮ್ಮಗಳು
ಹತ್ತಿರದ ನಾಮಪದವೆಂಬ ನಿಯಮವನ್ನು ಕೇಳಿ ನನಗೆ ನಮ್ಮ ಅಮ್ಮಮ್ಮನ ನೆನಪಾಯಿತು. ಅವರು ಅಜ್ಜನ ಹೆಸರನ್ನು ಬದುಕಿರುವವರೆಗೂ ಬಾಯಲ್ಲಿ ಹೇಳಲಿಲ್ಲ, ‘ಇವರು’ ಎಂದೇ ಕರೆಯುತ್ತಿದ್ದರು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೂ ಅದೇ ರೂಢಿ. ಶಾನುಭೋಗರ ಕಥೆ ಹೇಳುತ್ತಿರುವರು, ಅವರ ಮಗನ ಮದುವೆಯ ಕಥೆಗೆ ಹೋಗುವರು, ಅಡಿಗೆಭಟ್ಟರು ಕೈಕೊಟ್ಟದ್ದನ್ನು ವಿವರಿಸುವರು, ನಡುವೆ “ಇವರು ಹೋಗಿ ಸಾರಿಗೆ ಒಗ್ಗರಣೆ ಹಾಕಿದರು” ಎಂದುಬಿಡುವರು. ಅದಕ್ಕೂ ಹಿಂದಿನ ಅರ್ಧ ಗಂಟೆಯ ಮಾತಿನಲ್ಲಿ ಅಜ್ಜನ ಸುಳಿವೇ ಇರುತ್ತಿರಲಿಲ್ಲ. ಮನೆಯ ಮಕ್ಕಳಾದ ನಮಗೆ ಒಂದು ಸಲವೂ ಅನುಮಾನ ಬಂದಿಲ್ಲ, ಹೊಸದಾಗಿ ಮನೆಗೆ ಬಂದ ನನ್ನ ಅತ್ತಿಗೆ ಮಾತ್ರ ಶಾನುಭೋಗರು ಸಾರು ಒಗ್ಗರಿಸಿದರೆಂದೇ ಬಹಳ ದಿನ ನಂಬಿದ್ದರು.

ಒಗ್ಗರಣೆ
ನನ್ನನ್ನು ಯಾರೋ ಕರೆದಂತಾಯಿತು.

ಧಾರವಾಡದ ಮಳೆ
ನಮ್ಮ ಕಡೆ ‘ಆಂವ’, ‘ಈಂವ’ ಎನ್ನುತ್ತಾರೆ. ಕಥೆ ಹೇಳುವ ಮುದುಕರು ಕಥೆ ಯಾರ ಕಡೆ ನಿಂತಿದೆಯೋ ಅವನನ್ನು ‘ಈಂವ’ ಎಂದೂ ಎದುರಾಳಿಯನ್ನು ‘ಆಂವ’ ಎಂದೂ ಹಿಡಿದುಕೊಂಡು ಹೋಗುತ್ತಾರೆ. ಇಬ್ಬರೂ ಸತ್ತು ನೂರು ವರ್ಷವಾಗಿದ್ದರೂ ಒಬ್ಬ ಇಲ್ಲಿರುತ್ತಾನೆ, ಇನ್ನೊಬ್ಬ ಅಲ್ಲಿರುತ್ತಾನೆ. ಕಥೆ ಪಕ್ಷ ಬದಲಿಸಿದರೆ ‘ಈಂವ’ನೂ ಬದಲಾಗುತ್ತಾನೆ.

ಕಡಲ ತಡಿ
ಮಳೆಯವರು ಹೇಳಿದ್ದು ಬಹಳ ಮುಖ್ಯವಾದ ವಿಷಯ. ಕನ್ನಡದ ‘ಅವನು’ ಇಂಗ್ಲಿಷಿನಂತೆ ಬರಿಯ ಪ್ರಥಮಪುರುಷ ಸರ್ವನಾಮವಲ್ಲ, ಅದು ‘ಆ’ ಎಂದು ಬೆರಳು ತೋರಿಸುವ ಪದ. ಇವನು, ಅವನು, ಯಾವನು ಎಂದು ಮೂರನ್ನೂ ಸಾಲಾಗಿ ಇಟ್ಟರೆ ಇ, ಅ, ಯಾ ಎಂಬ ಬೇರುಗಳು ಕಾಣುತ್ತವೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಸರ್ವನಾಮಗಳನ್ನು ಕುರಿತು 2004ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ನಾನು ಮತ್ತು ನೀನು ಎಂಬವುಗಳನ್ನು ಒಂದು ಗುಂಪಾಗಿಯೂ, ತೋರುವ, ಕೇಳುವ ಪದಗಳನ್ನು ಬೇರೆಯೇ ಗುಂಪಾಗಿಯೂ ಬಿಡಿಸಿ ನೋಡಿದ್ದು ಇಂಥ ಕಾರಣಗಳಿಗಾಗಿಯೇ. ಅಮ್ಮಮ್ಮನವರ ‘ಇವರು’ ಮಾತಿನೊಳಗಿನ ಯಾವ ನಾಮಪದದ ಕಡೆಗೂ ಬೆರಳು ತೋರಿಸುತ್ತಿರಲಿಲ್ಲ, ತಾವು ನಿಂತ ಜಾಗದ ಕಡೆಗೆ ತೋರಿಸುತ್ತಿತ್ತು.

ನಿವೃತ್ತ ಮೇಷ್ಟರು
ಅಜ್ಜಿಯಂದಿರ ಮಾತು ಬೇರೆ, ಲಿಖಿತ ನಡಾವಳಿ ಬೇರೆ. ನಡಾವಳಿಯಲ್ಲಿ ಬೆರಳು ತೋರಿಸುವವರು ಯಾರು?

ತುಂಗಾತೀರ
ಲಿಖಿತಕ್ಕೂ ಇದು ಹೊಸ ಸಮಸ್ಯೆಯೇನಲ್ಲ, ಮೇಷ್ಟ್ರೇ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ‘ತಸ್ಯ ಲೋಪಃ’ (1.3.9) ಎಂಬ ಸೂತ್ರವಿದೆ. ‘ಅದಕ್ಕೆ ಲೋಪ’ ಎಂದಷ್ಟೇ ಅರ್ಥ. ಯಾವುದಕ್ಕೆ? ಹಿಂದಿನ ಸೂತ್ರ ‘ಲಶಕ್ವತದ್ಧಿತೇ’, ಅದಕ್ಕೂ ಹಿಂದಿನದು ‘ಚುಟೂ’. ಅವುಗಳಲ್ಲಿ ‘ತಸ್ಯ’ ಹಿಡಿಯಬೇಕಾದ ಪದ ಕಾಣಿಸುವುದೇ ಇಲ್ಲ. ಅದು ಇರುವುದು ಏಳು ಸೂತ್ರಗಳಷ್ಟು ಹಿಂದೆ, ‘ಉಪದೇಶೇಽಜನುನಾಸಿಕ ಇತ್’ (1.3.2) ಎಂಬಲ್ಲಿ. ಆ ‘ಇತ್’ (ಗುರುತಿಗಾಗಿ ಹಚ್ಚಿ ಆಮೇಲೆ ಬಿಡುವ ಅಕ್ಷರ) ಎಂಬ ಪದವು ಅನುವೃತ್ತಿಯ ಮೂಲಕ ಒಂದೊಂದು ಸೂತ್ರದೊಳಗೂ ಕಾಣದಂತೆ ಇಳಿದು ಬಂದು ‘ತಸ್ಯ’ದ ಕೈಗೆ ಸಿಗುತ್ತದೆ. ಒಂದೊಂದೇ ಸೂತ್ರವನ್ನು ಕಿತ್ತು ಬೇರೆ ಕಾಗದದ ಮೇಲೆ ಬರೆದರೆ ಅಷ್ಟಾಧ್ಯಾಯಿಗೆ ಅರ್ಥವೇ ಇರುವುದಿಲ್ಲ.

ವೇದವಾಕ್ಯಗಳ ಅರ್ಥ ನಿರ್ಣಯಿಸುವ ಮೀಮಾಂಸಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಲಾಬಲವನ್ನೇ ಹೇಳಿದ್ದಾರೆ. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳು ಒಂದಕ್ಕೊಂದು ಎದುರಾದಾಗ ಹಿಂದಿನದಕ್ಕಿಂತ ಮುಂದಿನದು ದುರ್ಬಲವೆಂದು ಜೈಮಿನಿಸೂತ್ರ (3.3.14) ಹೇಳುತ್ತದೆ. ಇದರಲ್ಲಿ ಗಮನಿಸಬೇಕಾದುದು ಪ್ರಕರಣ ಮತ್ತು ಸ್ಥಾನಗಳ ಕ್ರಮ. ಯಾವ ವಿಷಯ ನಡೆಯುತ್ತಿದೆ ಎಂಬುದು ಪ್ರಕರಣ, ಎಷ್ಟು ಹತ್ತಿರದಲ್ಲಿದೆ ಎಂಬುದು ಸ್ಥಾನ. ಪ್ರಕರಣವು ಸ್ಥಾನವನ್ನು ಗೆಲ್ಲುತ್ತದೆ. ತಮ್ಮ ‘ಹತ್ತಿರದ ನಾಮಪದ’ವು ಕೊನೆಯಿಂದ ಎರಡನೆಯ ಸ್ಥಾನದಲ್ಲಿ ಕುಳಿತಿದೆ.

ಕಡಲ ತಡಿ
ಆ ಸೂತ್ರವು ಯಾಗದಲ್ಲಿ ಯಾವ ಅಂಗವು ಯಾವ ಪ್ರಧಾನಕರ್ಮಕ್ಕೆ ಸೇರಬೇಕೆಂಬುದನ್ನು ತೀರ್ಮಾನಿಸಲು ಹುಟ್ಟಿದ್ದು, ಸರ್ವನಾಮಗಳಿಗಾಗಿ ಅಲ್ಲ. ಅದನ್ನು ವಾಚನಾಲಯದ ನಡಾವಳಿಗೆ ಹಚ್ಚುವಾಗ ಸ್ವಲ್ಪ ಕೈ ಬಿಗಿ ಹಿಡಿಯಬೇಕು.

ತುಂಗಾತೀರ
ಹುಟ್ಟಿದ್ದು ಅದಕ್ಕೇ ಹೌದು. ಆದರೆ ‘ಇದು ಯಾವುದಕ್ಕೆ ಸೇರಬೇಕು’ ಎಂಬ ಪ್ರಶ್ನೆಯ ಆಕಾರ ಎರಡು ಕಡೆಯೂ ಒಂದೇ. ದತ್ತಕ, ದಾಯಭಾಗಗಳ ವ್ಯಾಜ್ಯಗಳಲ್ಲಿ ಧರ್ಮಶಾಸ್ತ್ರದ ವ್ಯಾಖ್ಯಾನಕಾರರೂ ಮೀಮಾಂಸೆಯ ಇಂಥ ನ್ಯಾಯಗಳನ್ನು ಎರವಲು ಪಡೆದರು. ನಾನು ಒಂದು ವಾಚನಾಲಯಕ್ಕಾಗಿ ಎರವಲು ಪಡೆದರೆ ದೋಷವೇನು?

ಗಣಕದ ಗಿರಾಕಿ
ಪ್ರಕರಣ ಸ್ಥಾನವನ್ನು ಗೆಲ್ಲುತ್ತದೆ ಎಂಬುದನ್ನೇ ನಮ್ಮವರು ಬೇರೆ ದಾರಿಯಿಂದ ಕಂಡುಕೊಂಡರು. ಬಾರ್ಬರಾ ಗ್ರೋಸ್ ಅವರು 1970ರ ದಶಕದಲ್ಲಿ ಏರ್ ಕಂಪ್ರೆಸರ್ ಒಂದನ್ನು ಜೋಡಿಸುವಾಗ ತಿಳಿದವರೊಬ್ಬರು ಕಲಿಯುವವರಿಗೆ ಹೇಳಿಕೊಡುವ ಸಂಭಾಷಣೆಗಳನ್ನು ಅಭ್ಯಾಸ ಮಾಡಿದರು. ನಟ್ಟು, ಬೋಲ್ಟು, ಪಟ್ಟಿ, ಚಕ್ರ ಎಂದು ಬಹಳ ಹೊತ್ತು ಮಾತು ನಡೆದು, ಕೊನೆಯಲ್ಲಿ ‘ಅದು’ ಎಂದಾಗ ಇಬ್ಬರಿಗೂ ಅದು ಇಡೀ ಕಂಪ್ರೆಸರ್ ಎಂದೇ ಗೊತ್ತಾಗುತ್ತಿತ್ತು, ಆ ಪದ ಬಂದು ಎಷ್ಟೋ ಹೊತ್ತಾಗಿದ್ದರೂ ಸರಿಯೇ. ಬಿಡಿಭಾಗಗಳ ಮಾತು ಮುಗಿದೊಡನೆ ಆ ತುಂಡುಗಳು ಮನಸ್ಸಿನಿಂದ ಕೆಳಗಿಳಿಯುತ್ತವೆ, ಅವುಗಳನ್ನು ಹೊತ್ತಿದ್ದ ದೊಡ್ಡ ಕೆಲಸ ಮತ್ತೆ ಮೇಲೆ ಬರುತ್ತದೆ. 1986ರಲ್ಲಿ ಗ್ರೋಸ್ ಮತ್ತು ಕ್ಯಾಂಡೇಸ್ ಸಿಡ್ನರ್ ಇದನ್ನು ಒಂದು ಸಿದ್ಧಾಂತವಾಗಿ ಬರೆದರು. ಅಡಿಟಿಪ್ಪಣಿಯವರು ಹೇಳಿದ ‘ಕರ್ತೃ ಮುಂದುವರಿದರೆ ಹೇಳುವುದಿಲ್ಲ’ ಎಂಬುದಕ್ಕೆ ಹತ್ತಿರವಾದ ಇನ್ನೊಂದು ವಿಚಾರ 1995ರದು, ಗ್ರೋಸ್, ಅರವಿಂದ ಜೋಶಿ, ವೈನ್‌ಸ್ಟೈನ್ ಮೂವರದು. ಜೋಶಿಯವರು ಪುಣೆಯಲ್ಲಿ ಹುಟ್ಟಿ ಪೆನ್ಸಿಲ್ವೇನಿಯಾದಲ್ಲಿ ಪಾಠ ಹೇಳಿದವರು. ಮಾತಿನ ಪ್ರತಿ ಹಂತಕ್ಕೂ ಒಂದು ಕೇಂದ್ರವಿರುತ್ತದೆ, ಯಾವುದನ್ನಾದರೂ ಸರ್ವನಾಮದಿಂದ ಹೇಳುವುದಾದರೆ ಮೊದಲ ಹಕ್ಕು ಆ ಕೇಂದ್ರದ್ದು ಎಂಬುದು ಅದರ ತಿರುಳು.

ಅಮ್ಮಮ್ಮನ ಮೊಮ್ಮಗಳು
ಒಂದು ಸಣ್ಣ ಪ್ರಶ್ನೆ. ಮಳೆಯವರು ‘ಲೆಕ್ಕದ ಪುಸ್ತಕಗಳು’ ಎಂದರು, ಆಮೇಲೆ ಅದನ್ನು ಯಾರೂ ಪ್ರಶ್ನಿಸಲಿಲ್ಲ. ಮೂಲದಲ್ಲಿ ಇರುವುದು ‘ಪುಸ್ತಕಗಳನ್ನು’ ಎಂದು ಮಾತ್ರ. ಅದು ವಾಚನಾಲಯವಲ್ಲವೇ? ಅಲ್ಲಿ ಕಥೆ, ಕಾದಂಬರಿ, ಪುರಾಣಗಳೂ ಪುಸ್ತಕಗಳೇ ಅಲ್ಲವೇ?

ಧಾರವಾಡದ ಮಳೆ
ಕೋಶಾಧಿಕಾರಿ ಎಂಬ ಪದ ಕಂಡೊಡನೆ ‘ಲೆಕ್ಕದ’ ಎಂಬುದನ್ನು ನಾನೇ ಸೇರಿಸಿಕೊಂಡು ಓದಿದ್ದೇನೆ. ಈಗ ಮೂಲವನ್ನು ಮತ್ತೆ ನೋಡಿದೆ. ಇಲ್ಲ.

ಅಡಿಟಿಪ್ಪಣಿ
ನಾನೂ ಹಾಗೆಯೇ ಓದಿದ್ದೆ. ಮೊಮ್ಮಗಳವರ ಪ್ರಶ್ನೆಯಲ್ಲಿ ಇನ್ನೊಂದು ಅಂಶವಿದೆ. “ಪುಸ್ತಕ ತಂದ” ಎಂಬುದಕ್ಕೂ “ಪುಸ್ತಕವನ್ನು ತಂದ” ಎಂಬುದಕ್ಕೂ ವ್ಯತ್ಯಾಸವಿದೆ. ನಿರ್ಜೀವ ವಸ್ತುವಿಗೆ ‘ಅನ್ನು’ ಹತ್ತಿದಾಗ ಸಾಮಾನ್ಯವಾಗಿ ಅದು ಕೇಳುವವನಿಗೂ ಗೊತ್ತಿರುವ, ಮೊದಲೇ ಮಾತಿಗೆ ಬಂದಿರುವ ವಸ್ತುವಾಗಿರುತ್ತದೆ. ನಡಾವಳಿಯ ಬಿಗಿಯಾದ ಭಾಷೆಯಲ್ಲಿ ಎಲ್ಲದಕ್ಕೂ ‘ಅನ್ನು’ ಹಚ್ಚುವ ಚಾಳಿ ಇರುವುದರಿಂದ ಇದನ್ನು ಗಟ್ಟಿಯಾಗಿ ಹೇಳಲಾರೆ. ಆದರೂ ‘ಮನೆಯಲ್ಲಿರುವ ಪುಸ್ತಕಗಳನ್ನು’ ಎಂದಿರುವುದರಿಂದ ಅವು ಇದಕ್ಕೂ ಮೊದಲು ಚರ್ಚೆಗೆ ಬಂದಿರಲೇಬೇಕೆಂದು ನನಗೆ ಅನಿಸುತ್ತದೆ. ಕರಡಿನ ಕಣ್ಣಿನವರೇ, ಈ ಮೂರು ವಾಕ್ಯಗಳಿಗೂ ಮೊದಲು ಏನಿದೆ?

ಠರಾವು ಗುಮಾಸ್ತ
ಅದು ಸಿಗುವ ತನಕ ನನ್ನದೊಂದು ಮಾತು. ನಾನು ಮೂವತ್ತು ವರ್ಷ ಸಭೆಗಳ ನಡಾವಳಿ ಬರೆದವನು. ಸಭೆಯಲ್ಲಿ ಕಚ್ಚಾ ಟಿಪ್ಪಣಿ ಮಾಡಿಕೊಂಡು ಮರುದಿನ ಶುದ್ಧಪ್ರತಿ ಬರೆಯುತ್ತೇವೆ. ಆಗ ಸಭೆಯ ಬಿಸಿ ಇನ್ನೂ ನಮ್ಮ ತಲೆಯಲ್ಲಿರುತ್ತದೆ, ‘ಅವರು’ ಎಂದು ಬರೆದರೆ ಯಾರೆಂದು ನಮಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿರುತ್ತದೆ, ಐವತ್ತು ವರ್ಷದ ಮೇಲೆ ಓದುವವರ ಯೋಚನೆ ನಮಗೆ ಇರುವುದಿಲ್ಲ.

ಇನ್ನು ‘ಕೈಬಿಡಲಾಯಿತು’ ಎಂಬುದು. ಅದು ನಮ್ಮ ಕುಲದ ಪದ. ತೀರ್ಮಾನಿಸಲಾಯಿತು, ಮುಂದೂಡಲಾಯಿತು, ಕೈಬಿಡಲಾಯಿತು ಎಂದು ಬರೆದರೆ ಯಾರು ಮಾಡಿದರೆಂದು ಹೇಳುವ ಹೊಣೆ ತಪ್ಪುತ್ತದೆ. ಸಭೆಯಲ್ಲಿ ಇಬ್ಬರು ದೊಡ್ಡವರು ಧ್ವನಿ ಏರಿಸಿದ ದಿನ ನಾನು ಬೇಕೆಂದೇ ಹೆಸರು ಬಿಟ್ಟು ‘ಅವರು’ ಎಂದು ಬರೆದದ್ದುಂಟು. ಮುಂದಿನ ಸಭೆಯಲ್ಲಿ ನಡಾವಳಿ ಓದಿ ಒಪ್ಪಿಗೆ ಪಡೆಯಬೇಕಲ್ಲ, ಇಬ್ಬರೂ ತಲೆಯಾಡಿಸುವಂತೆ ಬರೆಯುವುದೂ ಒಂದು ವಿದ್ಯೆ. ಆದ್ದರಿಂದ ಎಲ್ಲ ‘ಅವರು’ಗಳನ್ನೂ ಆಕಸ್ಮಿಕವೆಂದು ತಿಳಿಯಬೇಡಿ.

ನಿವೃತ್ತ ಮೇಷ್ಟರು
ಹಾಗಾದರೆ ಅದು ಭಾಷೆಯ ದೋಷವಲ್ಲ, ಗುಮಾಸ್ತರ ದೋಷ.

ಠರಾವು ಗುಮಾಸ್ತ
ದೋಷವಲ್ಲ, ಮೇಷ್ಟ್ರೇ, ಅದು ನೌಕರಿ.

ಕರಡಿನ ಕಣ್ಣು
ಕ್ಷಮಿಸಿ, ಮೂಲದ ನಡಾವಳಿ ಪುಸ್ತಕ ವಾಚನಾಲಯದ ಬೀರುವಿನಲ್ಲಿದ್ದುದರಿಂದ ತಡವಾಯಿತು. ಇಂದು ಹೋಗಿ ನೋಡಿದೆ. ಅಚ್ಚಿ­ಗೆ ಆರಿಸುವಾಗ ಸ್ಥಳಾಭಾವದಿಂದ ಸಂಪಾದಕರು ಬಿಟ್ಟಿದ್ದ ಭಾಗ ಇದು, ನಮ್ಮ ಮೂರು ವಾಕ್ಯಗಳಿಗೆ ಸರಿಯಾಗಿ ಮೇಲೆ ಇದೆ:

“ಮಳೆಗೆ ಕಟ್ಟಡವು ಸೋರುತ್ತಿದ್ದುದರಿಂದ ಕಪಾಟುಗಳಲ್ಲಿದ್ದ ಗ್ರಂಥಗಳನ್ನು ಅಧ್ಯಕ್ಷರ ಮನೆಗೂ ಲೆಕ್ಕಪತ್ರಗಳನ್ನು ಕೋಶಾಧಿಕಾರಿಗಳ ಮನೆಗೂ ಸಾಗಿಸಲಾಗಿತ್ತೆಂದು ಕಾರ್ಯದರ್ಶಿಗಳು ವರದಿ ಮಾಡಿದರು. ಈಗ ದುರಸ್ತಿಯು ಪೂರ್ಣಗೊಂಡಿರುವುದರಿಂದ ಓದುಗರು ಪುಸ್ತಕಗಳಿಗಾಗಿ ದಿನವೂ ವಿಚಾರಿಸುತ್ತಿದ್ದಾರೆಂದು ಅವರು ತಿಳಿಸಿದರು.”

ಅಮ್ಮಮ್ಮನ ಮೊಮ್ಮಗಳು
ಓದುಗರು ದಿನವೂ ಬಂದು ಲೆಕ್ಕಪತ್ರ ಕೇಳುವುದಿಲ್ಲ! ಪುಸ್ತಕಗಳೆಂದರೆ ಗ್ರಂಥಗಳು, ಅವು ಇದ್ದುದು ಅಧ್ಯಕ್ಷರ ಮನೆಯಲ್ಲಿ.

ನಿವೃತ್ತ ಮೇಷ್ಟರು
ಮೊದಲ ಉತ್ತರದಲ್ಲಿಯೇ ನಾನು ಏನು ಹೇಳಿದ್ದೆನೆಂದು ಎಲ್ಲರೂ ಒಮ್ಮೆ ಮೇಲೆ ಹೋಗಿ ನೋಡಬೇಕೆಂದು ವಿನಂತಿ.

ಕಡಲ ತಡಿ
ಉತ್ತರ ಸರಿಯಾಯಿತು, ಮೇಷ್ಟ್ರೇ, ಲೆಕ್ಕ ಮಾಡಿದ ರೀತಿ ಸರಿಯಾಗಲಿಲ್ಲ. ಕಾರ್ಯದರ್ಶಿಗಳ ವರದಿಯ ಕೊನೆಯಲ್ಲಿ “ಲೆಕ್ಕ ಪರಿಶೋಧಕರು ಪುಸ್ತಕಗಳಿಗಾಗಿ ವಿಚಾರಿಸುತ್ತಿದ್ದಾರೆ” ಎಂದು ಇದ್ದಿದ್ದರೆ ಏನಾಗುತ್ತಿತ್ತು? ನಮ್ಮ ಮೂರು ವಾಕ್ಯಗಳಲ್ಲಿ ಒಂದಕ್ಷರವೂ ಬದಲಾಗದೆ ಮನೆ ಕೋಶಾಧಿಕಾರಿಗಳದ್ದಾಗುತ್ತಿತ್ತು, ‘ತಮ್ಮ’ ಎಂಬುದನ್ನು ನಾವೆಲ್ಲರೂ ಮಧ್ಯಮಪುರುಷವೆಂದೇ ಓದುತ್ತಿದ್ದೆವು. ‘ತಮ್ಮ’ ಎಂಬುದರ ಅರ್ಥ ‘ಓದುಗರು’ ಎಂಬ ಪದದಲ್ಲಿತ್ತು. ಅದನ್ನು ನಿಮ್ಮ ಸಂಪಾದಕರು ಸ್ಥಳಾಭಾವದಿಂದ ಕತ್ತರಿಸಿದರು, ಈಗ ಅದರ ಬದಲಿಗೆ ಆವರಣ ಹಾಕಿ ಎನ್ನುತ್ತಿದ್ದಾರೆ.

ಧಾರವಾಡದ ಮಳೆ
ಒಂದು ತಕರಾರು ಉಳಿದಿದೆ. ಅಧ್ಯಕ್ಷರ ಮನೆಯಲ್ಲಿದ್ದ ಪುಸ್ತಕಗಳನ್ನು ತರಿಸಿರೆಂದು ಕೋಶಾಧಿಕಾರಿಗೆ ಏಕೆ ಹೇಳಬೇಕು? ತಮ್ಮ ಮನೆಯಿಂದ ತಾವೇ ತಂದರಾಗದೇ?

ಠರಾವು ಗುಮಾಸ್ತ
‘ತರಬೇಕು’ ಎಂದಿಲ್ಲ, ‘ತರಿಸಬೇಕು’ ಎಂದಿದೆ. ಹತ್ತಾರು ಕಪಾಟಿನ ಪುಸ್ತಕಗಳಿಗೆ ಗಾಡಿ ಬೇಕು, ಗಾಡಿಗೆ ಬಾಡಿಗೆ ಕೊಡಬೇಕು, ಬಾಡಿಗೆ ಕೋಶಾಧಿಕಾರಿಗಳ ಕೈಯಿಂದ ಹೊರಡಬೇಕು. ಅವರು ಯಾಕೆ ಒಪ್ಪಲಿಲ್ಲವೆಂಬುದು ನನಗೆ ಈಗ ಹಗಲಿನಷ್ಟು ಸ್ಪಷ್ಟವಾಗಿದೆ. ನಾನು ಕಂಡ ಯಾವ ಕೋಶಾಧಿಕಾರಿಯೂ ಬಾಡಿಗೆಗೆ ಒಂದೇ ಮಾತಿಗೆ ಒಪ್ಪಿದವರಲ್ಲ.

ಅಡಿಟಿಪ್ಪಣಿ
ಹಾಗಾದರೆ ‘ಅದನ್ನು ಕೈಬಿಡಲಾಯಿತು’ ಎಂಬಲ್ಲಿ ‘ಅದು’ ಏನು? ಪುಸ್ತಕಗಳಾಗಿದ್ದರೆ ‘ಅವುಗಳನ್ನು’ ಎಂದಾಗಬೇಕಿತ್ತು. ‘ಅದು’ ಎಂಬುದು ನಾಮಪದವನ್ನಷ್ಟೇ ಹಿಡಿಯುವುದಿಲ್ಲ, ಒಂದು ಪ್ರಸ್ತಾಪವನ್ನು, ಒಂದು ಘಟನೆಯನ್ನು, ಒಮ್ಮೊಮ್ಮೆ ಹಿಂದಿನ ಇಡೀ ಪುಟವನ್ನು ಹಿಡಿದು ಎತ್ತುತ್ತದೆ. ಇಲ್ಲಿ ಪುಸ್ತಕಗಳನ್ನು ಮರಳಿ ತರುವ ಯೋಚನೆಯನ್ನೇ ಬಿಟ್ಟರೋ, ಗಾಡಿಯ ಬಾಡಿಗೆ ಕೊಟ್ಟು ತರಿಸುವುದನ್ನು ಮಾತ್ರ ಬಿಟ್ಟರೋ? ಎರಡಕ್ಕೂ ಒಂದೇ ‘ಅದು’. ಹಿಂದಿನದನ್ನು ನೋಡಿಯಾಯಿತು, ಈಗ ಮುಂದಿನದನ್ನು ನೋಡಬೇಕು.

ತುಂಗಾತೀರ
ಉಪಕ್ರಮ ಮತ್ತು ಉಪಸಂಹಾರ, ಅಂದರೆ ಆರಂಭ ಮತ್ತು ಮುಕ್ತಾಯ, ಎರಡನ್ನೂ ಕೂಡಿಸಿ ನೋಡಿದ ಮೇಲೆಯೇ ತಾತ್ಪರ್ಯವನ್ನು ನಿರ್ಣಯಿಸಬೇಕೆಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಇನ್ನು ಕಡಲ ತಡಿಯವರು ಇದೂ ವೇದವಾಕ್ಯಗಳಿಗಾಗಿ ಹುಟ್ಟಿದ್ದು ಎನ್ನುವ ಮೊದಲೇ ನಾನೇ ಒಪ್ಪಿಕೊಳ್ಳುತ್ತೇನೆ.

ಕರಡಿನ ಕಣ್ಣು
ಮುಂದಿನ ಸಾಲು ಹೀಗಿದೆ. ಇದನ್ನೂ ಸಂಪಾದಕರು ಬಿಟ್ಟಿದ್ದರು.

“ಬರುವ ಭಾನುವಾರ ಬೆಳಗ್ಗೆ ಸದಸ್ಯರು ತಲಾ ಎರಡು ಕಟ್ಟುಗಳಂತೆ ಹೊತ್ತು ತರುವುದೆಂದು ನಿಶ್ಚಯಿಸಲಾಯಿತು. ಕಾಫಿಯ ವ್ಯವಸ್ಥೆಯನ್ನು ತಾವು ನೋಡಿಕೊಳ್ಳುವುದಾಗಿ ಕೋಶಾಧಿಕಾರಿಗಳು ಹೇಳಿದರು.”

ಠರಾವು ಗುಮಾಸ್ತ
ಬಾಡಿಗೆ ಉಳಿಸಿದ ಸಂತೋಷಕ್ಕೆ ಕಾಫಿ! ನನ್ನ ಊಹೆ ನಿಜವಾಯಿತು.

ಗಣಕದ ಗಿರಾಕಿ
ಈ ಕೊನೆಯ ‘ತಾವು’ ಎಂಬುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲವೆಂಬುದನ್ನು ಗಮನಿಸಿ. ‘ನೋಡಿಕೊಳ್ಳುವುದಾಗಿ’ ಎಂದಾಗ ಅದು ತಿರುಗಿಸಿದ ಮಾತೆಂದು ಗೊತ್ತಾಗಿಬಿಡುತ್ತದೆ, ‘ಎಂದು’ ಬಂದಿದ್ದರೆ ಕಾಫಿಯ ಖರ್ಚೂ ಜಗಳಕ್ಕೆ ಬೀಳುತ್ತಿತ್ತು. ಕೆಲಸದ ಬಿಡುವಿನಲ್ಲಿ ನಾನು ಮೂರು ವಾಕ್ಯಗಳನ್ನು ಮಾತ್ರ ನಮ್ಮ ಅನುವಾದ ಯಂತ್ರಕ್ಕೆ ಕೊಟ್ಟು ನೋಡಿದೆ. ಅದು ಮನೆಯನ್ನು ಕೋಶಾಧಿಕಾರಿಗಳಿಗೆ ಕೊಟ್ಟಿತು. ಮೇಲಿನ ಮತ್ತು ಕೆಳಗಿನ ಭಾಗಗಳನ್ನು ಸೇರಿಸಿ ಕೊಟ್ಟಾಗ ಅಧ್ಯಕ್ಷರಿಗೆ ಕೊಟ್ಟಿತು. ಒಂದೇ ಸಲದ ಪ್ರಯೋಗದಿಂದ ಏನನ್ನೂ ಸಾಧಿಸಲಾಗದು, ಆದರೂ ನಾನು ಆ ಯಂತ್ರದ ಬೆನ್ನು ತಟ್ಟಿದೆ.

ನಿವೃತ್ತ ಮೇಷ್ಟರು
ಯಂತ್ರಕ್ಕೆ ಇಷ್ಟು ಹೊತ್ತು ಹಿಡಿಯಿತು, ನನಗೆ ಹಿಡಿಯಲಿಲ್ಲ.

ಕಡಲ ತಡಿ
ಮೇಷ್ಟ್ರೇ, ಗಿರಿಜೆಯ ಕೋಪಕ್ಕೆ ತಾವು ಇನ್ನೂ ಉತ್ತರ ಕೊಟ್ಟಿಲ್ಲ.

ಕರಡಿನ ಕಣ್ಣು
ಸಂಪಾದಕರ ಮನೆಗೆ ಹೋಗಿ ಈ ಚರ್ಚೆಯನ್ನು ಓದಿ ತೋರಿಸಿದೆ. ಕತ್ತರಿಸಿದ ಎರಡೂ ಭಾಗಗಳನ್ನು ಮರಳಿ ಸೇರಿಸಲು ಅವರು ಒಪ್ಪಿದರು, ಅದಕ್ಕಾಗಿ ಆ ಪುಟದ ಕೆಳಗಿದ್ದ ಶುಭಾಶಯದ ಜಾಹೀರಾತು ಮುಂದಿನ ಪುಟಕ್ಕೆ ಹೋಗುತ್ತದೆ. ‘ತಮ್ಮ’ ಎಂಬಲ್ಲಿಯೂ ‘ಅದನ್ನು’ ಎಂಬಲ್ಲಿಯೂ ಆವರಣ ಬೇಡವೆಂದಾಯಿತು. ‘ಅವರು ಇದಕ್ಕೆ ಒಪ್ಪಲಿಲ್ಲ’ ಎಂಬಲ್ಲಿ ಮಾತ್ರ ಅವರು ಇನ್ನೂ ಕೋಶಾಧಿಕಾರಿಗಳ ಹೆಸರು ಬೇಕೆನ್ನುತ್ತಿದ್ದಾರೆ. ಠರಾವು ಗುಮಾಸ್ತರ ಮಾತನ್ನು ನೆನಪಿಸಿ, ಬರೆದವರು ಬೇಕೆಂದೇ ಬಿಟ್ಟಿದ್ದರೆ ನಾವು ತುಂಬುವುದು ತರವಲ್ಲವೆಂದು ನಾನು ವಾದಿಸುತ್ತಿದ್ದೇನೆ. ಸೋಮವಾರ ಪುಟಗಳು ಅಚ್ಚಿಗೆ ಹೋಗುತ್ತವೆ.

ನಿವೃತ್ತ ಮೇಷ್ಟರು
ಕೋಶಾಧಿಕಾರಿಗಳೆಂದು ಹಾಕಿದರೆ ತಪ್ಪಿಲ್ಲವೆಂಬುದು ನನ್ನ ಮತ. ಸಂಚಿಕೆ ಹೊರಬಂದಾಗ ನನಗೊಂದು ಪ್ರತಿ ಬೇಕು, ಬೆಲೆ ಎಷ್ಟೆಂದು ತಿಳಿಸಿ. ಕಡಲ ತಡಿಯವರಿಗೂ ಒಂದು ಪ್ರತಿ ಇರಲಿ, ಗಿರಿಜೆಯ ವಿಷಯ ಆಮೇಲೆ ಮಾತಾಡೋಣ.

ಕರಡಿನ ಕಣ್ಣು
ಬೆಲೆಯ ಮಾತು ಬೇಡ, ಮೇಷ್ಟ್ರೇ. ಎರಡೂ ಪ್ರತಿಗಳನ್ನು ತಮ್ಮ ಮನೆಗೇ ತಲುಪಿಸುತ್ತೇನೆ.